ಮನೆಯಲ್ಲಿದ್ದು ಕೂಸನ್ನು ಸಾಕುವ ತಂದೆ: ಅವನಿಗೆ ಜೊತೆ ಯಾರು?

ಹೊರಗಿನ ದುಡಿಮೆ ಗಂಡಸಿನದು, ಮನೆವಾರ್ತೆಯೂ ಮಕ್ಕಳ ಪಾಲನೆಯೂ ಹೆಂಗಸಿನದು ಎಂಬ ಹಂಚಿಕೆ ನಮ್ಮ ಗ್ರಾಮಗಳಲ್ಲಿ ತಲೆತಲಾಂತರದಿಂದ ಮಾತಿನಲ್ಲಿ ನಡೆದುಬಂದಿದೆ. ಮಾತಿನಲ್ಲಿ ಎನ್ನಲು ಕಾರಣವುಂಟು. ನಾಟಿ, ಕಳೆ, ಕೊಯ್ಲುಗಳಲ್ಲಿ ಹೆಂಗಸರು ದುಡಿಯದ ಊರನ್ನು ನಮ್ಮ ನಾಡಿನಲ್ಲಿ ಹುಡುಕಿದರೂ ಕಾಣುವುದು ಕಷ್ಟ. ಇಂದಿನ ದಿನಗಳಲ್ಲಿ ಆ ದುಡಿಮೆ ಹೊಲದ ಬದುವನ್ನು ದಾಟಿ ಬಹುದೂರ ಹೋಗಿದೆ. ಮದ್ದೂರು, ರಾಮನಗರ, ದೊಡ್ಡಬಳ್ಳಾಪುರಗಳ ಸುತ್ತಲಿನ ಹಳ್ಳಿಗಳಿಂದ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬೆಳಿಗ್ಗೆ ಹೊರಡುವ ವಾಹನಗಳಲ್ಲಿ ಕುಳಿತಿರುವವರು ಬಹುಮಟ್ಟಿಗೆ ಹೆಂಗಸರೇ. ಶಿಕ್ಷಕಿಯರು, ದಾದಿಯರು, ಸಹಕಾರ ಸಂಘಗಳಲ್ಲಿ ಲೆಕ್ಕ ಬರೆಯುವವರು ಬೇರೆ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಮೇಲೆ ದೂರದ ಕೆಲಸಕ್ಕೆ ಹೋಗಿಬರುವುದು ಇನ್ನೂ ಹಲವರಿಗೆ ಸಾಧ್ಯವಾಯಿತು.

ಹೆಂಡತಿಯ ಸಂಬಳ ತಿಂಗಳಿಗೆ ತಪ್ಪದೆ ಬರುತ್ತದೆ. ಗಂಡನ ಮಳೆಯಾಶ್ರಿತ ಎರಡು ಎಕರೆಯ ಆದಾಯ ಒಂದು ವರ್ಷ ಉಂಟು, ಒಂದು ವರ್ಷ ಇಲ್ಲ. ಇಂತಹ ಸಂಸಾರದಲ್ಲಿ ಮಗು ಹುಟ್ಟಿದಾಗ ಯಾರು ಮನೆಯಲ್ಲಿ ಉಳಿಯಬೇಕು ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. ಗಂಡ ಉಳಿಯುತ್ತಾನೆ. ಹೀಗೆ ಉಳಿದ ತಂದೆಗೆ ಕೂಸನ್ನು ಸಾಕುವ ಕೆಲಸಕ್ಕಿಂತ ಹೆಚ್ಚು ಕಷ್ಟವಾಗುವುದು ಅದನ್ನು ಒಬ್ಬನೇ ಮಾಡಬೇಕಾಗಿ ಬರುವುದು. ಎರೆಯುವುದು, ಉಣಿಸುವುದು, ಮಲಗಿಸುವುದು ಕಲಿತರೆ ಬರುವ ವಿದ್ಯೆಗಳು. ಆದರೆ ಎಳೆಯ ತಾಯಿಗೆ ಊರು ತಾನಾಗಿಯೇ ಒದಗಿಸುವ ಬಳಗವನ್ನು ಎಳೆಯ ತಂದೆಗೆ ಒದಗಿಸುವುದಿಲ್ಲ. ಆ ಬಳಗವನ್ನು ಅವನು ಹೇಗೆ ಪಡೆದುಕೊಳ್ಳಬಹುದು, ಹೆಂಡತಿ ಅದಕ್ಕೆ ಹೇಗೆ ನೆರವಾಗಬಹುದು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ. ದಂಪತಿಗಳಿಬ್ಬರೂ ಕೂಡಿ ಓದಿದರೆ ಉತ್ತಮ.

ಒಂದು ಸಂಸಾರದ ಹಗಲು

ಉದಾಹರಣೆಗೆಂದು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿರಿ. ಗಂಡ, ಹೆಂಡತಿ, ಗಂಡನ ವಯಸ್ಸಾದ ತಾಯಿ, ಎಂಟು ತಿಂಗಳ ಹೆಣ್ಣುಕೂಸು. ಎರಡು ಹಸುಗಳಿವೆ. ಬೆಳಿಗ್ಗೆ ಏಳಕ್ಕೆ ಹೆಂಡತಿ ಕಾರ್ಖಾನೆಯ ವಾಹನ ಹತ್ತುತ್ತಾಳೆ. ಮರಳುವುದು ಸಂಜೆ ಏಳಕ್ಕೆ. ಅತ್ತೆಗೆ ಮಂಡಿನೋವು. ಅವರು ಕುಳಿತಲ್ಲಿ ಕೂಸನ್ನು ಆಡಿಸಬಲ್ಲರು, ಎತ್ತಿಕೊಂಡು ತಿರುಗಲಾರರು. ಹೀಗಾಗಿ ಹನ್ನೆರಡು ಗಂಟೆಗಳ ಕಾಲ ಕೂಸು ತಂದೆಯ ಸುಪರ್ದಿನಲ್ಲಿರುತ್ತದೆ.

ಮೊದಲ ವಾರ ಉತ್ಸಾಹದಲ್ಲಿ ಕಳೆಯುತ್ತದೆ. ಎರಡನೆಯ ವಾರ ಹಾಲಿನ ಡೇರಿಯಲ್ಲಿ ಯಾರೋ ಒಬ್ಬರು, "ಏನಪ್ಪಾ, ಬಾಣಂತನ ಮುಗೀತಾ?" ಎಂದು ನಗುತ್ತಾರೆ. ಮಾತು ಹಾಸ್ಯದ್ದೇ, ಆದರೂ ಮರುದಿನದಿಂದ ಅವನು ಹಾಲನ್ನು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳುಹಿಸುತ್ತಾನೆ. ಅರಳಿಕಟ್ಟೆಗೆ ಹೋಗುವುದನ್ನು ಬಿಡುತ್ತಾನೆ. ನಂಟರ ಮನೆಯ ಶುಭಕಾರ್ಯಕ್ಕೆ ಹೋದಾಗ ಅವನ ತಾಯಿಯೇ ಕೂಸನ್ನು ಅವನ ಸೊಂಟದಿಂದ ಕಸಿದುಕೊಂಡು, "ನಾಲ್ಕು ಜನ ನೋಡ್ತಾರೆ, ಇತ್ಲಾಗೆ ಕೊಡು" ಎನ್ನುತ್ತಾರೆ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಬೇಕು. ಅಂದು ಅಂಗನವಾಡಿಯ ಮುಂದೆ ಸೇರುವವರೆಲ್ಲ ಹೆಂಗಸರು. ಅವರ ನಡುವೆ ನಿಲ್ಲಲು ಅವನಿಗೆ ಸಂಕೋಚ. ಹೆಂಡತಿಗೆ ರಜೆಯಿರುವ ದಿನ ಹೋದರಾಯಿತು ಎಂದು ಮುಂದೂಡುತ್ತಾನೆ. ಅವಳಿಗೆ ರಜೆ ಭಾನುವಾರ. ಭಾನುವಾರ ಅಲ್ಲಿ ಲಸಿಕೆಯಿಲ್ಲ. ಹೀಗೆ ಹತ್ತು ತಿಂಗಳಾಯಿತು, ಹನ್ನೊಂದಾಯಿತು.

ನಾಚಿಕೆಯು ಕೇವಲ ಮನಸ್ಸಿನ ವಿಷಯವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ದಡಾರವು ಒಬ್ಬರಿಂದೊಬ್ಬರಿಗೆ ಬಹು ವೇಗವಾಗಿ ಹರಡುವ ರೋಗ; ಎಳೆಯ ಮಕ್ಕಳಲ್ಲಿ ಅದರ ಬೆನ್ನಿಗೇ ನ್ಯುಮೋನಿಯಾ ಬರಬಹುದು, ಕಣ್ಣಿಗೂ ಅಪಾಯವಾಗಬಹುದು. ತಂದೆಯ ಸಂಕೋಚದ ಬೆಲೆಯನ್ನು ಇಲ್ಲಿ ತೆರಬೇಕಾದದ್ದು ಕೂಸು. ಯಾವುದೇ ಕಾರಣದಿಂದ ಲಸಿಕೆ ತಪ್ಪಿದ್ದರೆ ಅವಧಿ ಮೀರಿತೆಂದು ಸುಮ್ಮನಾಗದೆ ಮುಂದಿನ ಲಸಿಕೆಯ ದಿನವೇ ಕೊಂಡೊಯ್ಯತಕ್ಕದ್ದು.

ಅವನೊಬ್ಬನೇ ಅಲ್ಲ

ಇಂತಹ ತಂದೆಗೆ ತಾನು ಊರಿಗೆಲ್ಲ ಒಬ್ಬನೇ ಎಂದು ತೋರುವುದು ಸಹಜ. ವಾಸ್ತವ ಹಾಗಿಲ್ಲ. ಕೇಂದ್ರ ಸರ್ಕಾರವು 2024ರಲ್ಲಿ ನಡೆಸಿದ ಕಾಲಬಳಕೆ ಸಮೀಕ್ಷೆಯಲ್ಲಿ, 15ರಿಂದ 59 ವರ್ಷದ ಹೆಂಗಸರ ಪೈಕಿ ಶೇಕಡ 41 ಮಂದಿ ತಮ್ಮ ಮನೆಯವರ ಆರೈಕೆಯ ಕೆಲಸ ಮಾಡುವುದು ಕಂಡುಬಂದಿತು. ಅದೇ ವಯಸ್ಸಿನ ಗಂಡಸರಲ್ಲಿ ಈ ಪ್ರಮಾಣ ಶೇಕಡ 21ಕ್ಕೆ ಸ್ವಲ್ಪ ಮೇಲಿತ್ತು. ಹೆಂಗಸರ ಅರ್ಧದಷ್ಟು ಎಂದು ಬೇಸರಪಡಬಹುದು. ಐವರಲ್ಲಿ ಒಬ್ಬ ಗಂಡಸು ಎಂದೂ ಓದಬಹುದು. ಆ ಒಬ್ಬನು ನಿಮ್ಮ ಊರಿನಲ್ಲಿಯೂ ಇದ್ದಾನೆ. ಆದರೆ ಅವನೂ ನಿಮ್ಮಂತೆಯೇ ಬಾಗಿಲು ಮುಂದೆಮಾಡಿಕೊಂಡು ಒಳಗಿದ್ದಾನೆ.

ಇನ್ನೊಂದು ಸಂಗತಿಯನ್ನು ಗಮನಿಸಿರಿ. ನಮ್ಮ ಹಳ್ಳಿಗಳಲ್ಲಿ ಮೊಮ್ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುವ ತಾತನನ್ನು ಕಂಡು ಯಾರೂ ನಗುವುದಿಲ್ಲ. ಆತ ಮಗುವಿನ ಮೂಗು ಒರೆಸುತ್ತಾನೆ, ಅಂಗಡಿಗೆ ಕರೆದೊಯ್ಯುತ್ತಾನೆ, ಮಡಿಲಲ್ಲೇ ಮಲಗಿಸುತ್ತಾನೆ. ಊರಿನ ಕಣ್ಣಿಗೆ ಅದು ಚೆಂದ. ಅದೇ ಕೆಲಸವನ್ನು ಮೂವತ್ತರ ಗಂಡಸು ಮಾಡಿದರೆ ಮಾತ್ರ ಕುಂದು! ಕೂಸನ್ನೆತ್ತುವುದರಿಂದ ಗಂಡಸುತನ ಕಡಿಮೆಯಾಗುತ್ತದೆಂದು ಊರು ನಿಜವಾಗಿ ನಂಬಿದ್ದರೆ ತಾತಂದಿರನ್ನೂ ಬಿಡುತ್ತಿರಲಿಲ್ಲ. ದುಡಿಯುವ ವಯಸ್ಸಿನವನು ಮನೆಯಲ್ಲಿದ್ದಾನೆ, ಹೆಂಡತಿಯ ದುಡಿಮೆಯಲ್ಲಿ ಉಣ್ಣುತ್ತಾನೆ ಎಂಬುದೇ ಆ ನಗೆಯ ಹಿಂದಿರುವ ಮಾತು. ಕೂಸನ್ನು ಸಾಕುವುದನ್ನು ದುಡಿಮೆಯೆಂದು ಲೆಕ್ಕಕ್ಕೆ ಹಿಡಿಯದ ಕಡೆ ಈ ಮಾತು ಬಂದೇ ಬರುತ್ತದೆ; ಹೆಂಗಸರು ಅದನ್ನು ಬೇರೊಂದು ರೀತಿಯಲ್ಲಿ ಬಹುಕಾಲದಿಂದ ಕೇಳಿದ್ದಾರೆ.

ಹಿರಿಯ ಹೆಂಗಸರಿಂದ ಕಲಿಯಬೇಕಾದದ್ದು

ನೆರವಿನ ಮೊದಲ ಮನೆ ನಿಮ್ಮ ಮನೆಯೇ. ಕಾಲು ನೀಡಿ ಕುಳಿತು, ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿ, ಕುತ್ತಿಗೆಗೆ ಕೈಯಾಸರೆ ಕೊಟ್ಟು ಎರೆಯುವ ಕೌಶಲ ಪುಸ್ತಕದಿಂದ ಬರತಕ್ಕದ್ದಲ್ಲ. ತಾಯಿಯನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, "ತೋರಿಸಿಕೊಡಿ" ಎಂದು ಕೇಳಬೇಕು. ಹೀಗೆ ಕೇಳಿಸಿಕೊಂಡ ಹಿರಿಯರು ಬಹುಶಃ ಮೊದಲು ತಾವೇ ಮಾಡಲು ಮುಂದಾಗುತ್ತಾರೆ. ನಾಲ್ಕನೆಯ ದಿನ ಕೂಸು ಮಗನ ಕಾಲ ಮೇಲೆ ಅಳದೆ ಎರೆಸಿಕೊಂಡಾಗ ನೆರೆಯವರ ಮುಂದೆ ಅದನ್ನು ಹೇಳಿಕೊಳ್ಳುವವರೂ ಅವರೇ. ಊರಿನ ಬಾಯಿಗೆ ಉತ್ತರ ಕೊಡಲು ಇದಕ್ಕಿಂತ ಬಲವಾದ ವಕಾಲತ್ತು ಬೇರೆಯಿಲ್ಲ.

ಆದರೆ ಹಿರಿಯರ ಮಾತೆಲ್ಲವೂ ಪಾಲಿಸತಕ್ಕದ್ದಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಕಣ್ಣಿಗೆ ಕಾಡಿಗೆ ಹಚ್ಚಬಾರದು, ಕಿವಿ ಮೂಗುಗಳಿಗೆ ಎಣ್ಣೆ ಬಿಡಬಾರದು. ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ನೀರನ್ನೂ ಕೊಡಬಾರದು. "ಡಾಕ್ಟರು ಬೇಡವೆಂದಿದ್ದಾರೆ, ಅಮ್ಮಾ" ಎಂದರೆ ಮಾತು ಬೆಳೆಯದೆ ಮುಗಿಯುತ್ತದೆ.

ಎದೆಹಾಲಿನ ವಿಷಯ ಬಂದುದರಿಂದ ಒಂದು ಮಾತು. ಕಾನೂನಿನ ಪ್ರಕಾರ ಅರ್ಹ ಉದ್ಯೋಗಸ್ಥ ತಾಯಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯುಂಟು. 2017ರಲ್ಲಿ ಇದು 12 ವಾರದಿಂದ ಹೆಚ್ಚಿತು. ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮುಂಚೆಯೇ ಬಳಸಿದವರಿಗೆ ಕೂಸಿನ ನಾಲ್ಕು ತಿಂಗಳಿಗೇ ರಜೆ ಮುಗಿಯುತ್ತದೆ. ಆಗ ತಾಯಿ ಕೆಲಸಕ್ಕೆ ಹೊರಡುವ ಮುನ್ನ ಕೈ ತೊಳೆದುಕೊಂಡು, ಕುದಿಸಿದ ಸ್ಟೀಲು ಲೋಟದಲ್ಲಿ ಹಾಲನ್ನು ಹಿಂಡಿ ಮುಚ್ಚಿಟ್ಟರೆ, ತಂಪಾದ ಜಾಗದಲ್ಲಿ ನಾಲ್ಕು ಗಂಟೆಗಳವರೆಗೆ ಅದನ್ನು ಬಳಸಬಹುದು. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಪಾತ್ರೆಯಲ್ಲಿ ಲೋಟವನ್ನಿಟ್ಟು ಬೆಚ್ಚಗೆ ಮಾಡಬೇಕು. ಬಾಟಲಿ ಬೇಡ. ನಮ್ಮ ಅಜ್ಜಿಯರ ಒಳಲೆಯೇ ಉತ್ತಮ. ಅದನ್ನು ತೊಳೆದು ಕುದಿಸುವುದು ಸುಲಭ. ಹಾಲು ಸಾಲದೆ ಬಂದರೆ ಹಸುವಿನ ಹಾಲಿಗೆ ಕೈಹಾಕುವ ಮುನ್ನ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಆರು ತಿಂಗಳ ನಂತರ ರಾಗಿ ಸರಿಯನ್ನು ಚಮಚದಿಂದ ಜಾರಿ ಬೀಳದಷ್ಟು ಗಟ್ಟಿಯಾಗಿ ಮಾಡಿ, ಎರಡು ಮೂರು ಚಮಚದಿಂದ ಆರಂಭಿಸಬೇಕು. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಶೋಧಿಸಿ ಇಡುವ ಕೆಲಸ ನೆರೆಮನೆಯವರೊಡನೆ ಕೂಡಿ ಮಾಡಿದರೆ ಹಿಟ್ಟಿನ ಜೊತೆಗೆ ನಾಲ್ಕು ಮಾತೂ ದೊರೆಯುತ್ತದೆ.

ಅಂಗನವಾಡಿ, ಆಶಾ, ಮತ್ತು ಜಗುಲಿಯ ವಿಷಯ

ಇಲ್ಲಿ ಒಂದು ನಿಜವಾದ ತೊಡಕಿದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯು ನಲವತ್ತೆರಡು ದಿನಗಳವರೆಗೆ ಗೊತ್ತುಪಡಿಸಿದ ದಿನಗಳಂದು ಬರುತ್ತಾರೆ. ಆಮೇಲೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳುಗಳಲ್ಲಿ ಮತ್ತೆ ಬಂದು ಕೂಸಿನ ತೂಕ, ಆಹಾರ, ಆಟಪಾಟಗಳನ್ನು ವಿಚಾರಿಸುತ್ತಾರೆ. ಮನೆಯಲ್ಲಿ ಗಂಡಸೊಬ್ಬನೇ ಇರುವುದನ್ನು ಕಂಡರೆ ಅವರು ಹೊಸ್ತಿಲ ಹೊರಗೇ ನಿಂತು, "ಅಕ್ಕ ಬಂದ ಮೇಲೆ ಬರ್ತೀನಿ" ಎಂದು ಹೊರಟುಹೋಗಬಹುದು. ಅವರನ್ನು ತಪ್ಪೆನ್ನಲಾಗದು, ಊರಿನ ಬಾಯಿಗೆ ಅವರೂ ಅಂಜಬೇಕು. ನೆರೆಯ ಹೆಂಗಸರದೂ ಇದೇ ಸ್ಥಿತಿ. ಎಳೆಯ ತಾಯಿಯ ಮನೆಗೆ ಅವರು ಹೇಳದೆ ಕೇಳದೆ ಒಳಬಂದು ಕೂಸನ್ನೆತ್ತಿಕೊಳ್ಳುತ್ತಾರೆ, ತಂದೆಯೊಬ್ಬನೇ ಇರುವ ಮನೆಗೆ ಬರುವುದಿಲ್ಲ. ಅವನ ಒಂಟಿತನಕ್ಕೆ ಅರ್ಧ ಕಾರಣ ಹಗೆಯಲ್ಲ, ಮರ್ಯಾದೆ.

ಈ ತೊಡಕಿಗೆ ಪರಿಹಾರ ಹೊಸ್ತಿಲ ಹೊರಗೇ ಇದೆ. ಹಗಲಿನ ಹೊತ್ತು ಕೂಸಿನೊಡನೆ ಒಳಗೆ ಕೂರುವ ಬದಲು ಜಗುಲಿಯ ಮೇಲೆ, ಬೇವಿನ ನೆರಳಿನಲ್ಲಿ, ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ ಚಾಪೆ ಹಾಸಿರಿ. ಬಯಲಿನಲ್ಲಿ ಕುಳಿತವನ ಬಳಿ ನಿಂತು ಮಾತನಾಡಲು ಯಾರಿಗೂ ಸಂಕೋಚವಿಲ್ಲ. ವಯಸ್ಸಾದ ತಾಯಿ ಬಳಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಕೂಸಿರುವ ಕಡೆ ಮಕ್ಕಳು ಬಂದು ಸೇರುತ್ತಾರೆ, ಮಕ್ಕಳನ್ನು ಹುಡುಕಿಕೊಂಡು ಅವರ ತಾಯಂದಿರೂ ಅಜ್ಜಿಯರೂ ಬರುತ್ತಾರೆ.

ಹೆಂಡತಿ ಇಲ್ಲಿ ಮಾಡಬೇಕಾದ ಕೆಲಸವೊಂದಿದೆ. ರಜೆ ಮುಗಿಯುವ ಮುನ್ನವೇ ಆಕೆ ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಿ ಅಂಗನವಾಡಿ ಕಾರ್ಯಕರ್ತೆಗೂ ಆಶಾ ಕಾರ್ಯಕರ್ತೆಗೂ ಉಪಕೇಂದ್ರದ ದಾದಿಗೂ, "ಮುಂದಿನ ತಿಂಗಳಿಂದ ಮಗುವನ್ನು ನೋಡಿಕೊಳ್ಳುವವರು ಇವರೇ; ಏನಿದ್ದರೂ ಇವರಿಗೇ ಹೇಳಿ" ಎಂದು ತಿಳಿಸಬೇಕು. ಮೂರು ನಿಮಿಷದ ಮಾತು. ಆದರೆ ಹೆಂಡತಿಯ ಬಾಯಿಂದ ಬಂದ ಈ ಮಾತು ಮುಂದಿನ ಎರಡು ವರ್ಷ ಬಾಗಿಲು ತೆರೆದಿಡುತ್ತದೆ. ತಾಯಿ ಕಾರ್ಡು ಯಾವ ಪೆಟ್ಟಿಗೆಯಲ್ಲಿದೆ ಎಂಬುದು ಗಂಡನಿಗೆ ಗೊತ್ತಿರಲಿ. ಅದರಲ್ಲಿ ಮುಂದಿನ ಲಸಿಕೆಯ ದಿನಾಂಕವನ್ನು ಓದಿ ತಿಳಿದುಕೊಳ್ಳುವುದೂ ಅವನ ಕೆಲಸವೇ. ಕಾರ್ಡಿನ ಹೆಸರು ತಾಯಿಯದೆಂದು ಹಿಂಜರಿಯಬೇಕಾಗಿಲ್ಲ.

ಅಂಗನವಾಡಿಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೂಸು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಣ್ಣು ಬಿಟ್ಟದ್ದು ತಿ. ನರಸೀಪುರದಲ್ಲಿ. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿಂದ ಮನೆಗೆ ಆಹಾರ ಸಾಮಗ್ರಿ ಕೊಡುತ್ತಾರೆ, ತೂಕ ನೋಡುತ್ತಾರೆ. ಸಭೆಗೆ ತಾಯಂದಿರ ಸಭೆ ಎಂದೇ ಹೆಸರು. ಹೆಸರನ್ನು ಕಂಡು ಹಿಂದೆ ಸರಿಯದೆ, ಕಾರ್ಯಕರ್ತೆಯನ್ನು ಮುಂಚಿತವಾಗಿ ಕೇಳಿ, ಕೂಸನ್ನೆತ್ತಿಕೊಂಡು ಹೋಗಿ ಕುಳಿತುಕೊಳ್ಳಿರಿ. ಮೊದಲ ದಿನ ಸೆರಗು ಬಾಯಿಗಿಟ್ಟು ನಗುವವರಿರುತ್ತಾರೆ. ಎರಡನೆಯ ತಿಂಗಳು ನಿಮ್ಮ ಕೂಸಿನ ತೂಕ ಎಷ್ಟಾಯಿತೆಂದು ಕೇಳುವವರೂ ಅವರೇ.

ಲಸಿಕೆಯ ದಿನ ದೊರೆಯುವ ಅವಕಾಶ ಇನ್ನೂ ದೊಡ್ಡದು. ಲಸಿಕೆ ಹಾಕಿಸಿದ ಮೇಲೆ ಕೂಸಿನೊಡನೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕೆಂಬುದು ನಿಯಮ. ಆ ಅರ್ಧ ಗಂಟೆಯಲ್ಲಿ ನಿಮ್ಮ ಕೂಸಿನ ವಯಸ್ಸಿನವೇ ಆದ ಹತ್ತಾರು ಕೂಸುಗಳ ಮನೆಯವರು ನಿಮ್ಮ ಸುತ್ತ ಇರುತ್ತಾರೆ. ಯಾವ ಕೂಸಿಗೆ ಹಲ್ಲು ಬಂತು, ಯಾವುದು ಸರಿ ಉಗುಳುತ್ತದೆ, ರಾತ್ರಿ ಜ್ವರ ಬಂದರೆ ಏನು ಮಾಡಿದಿರಿ ಎಂದು ಕೇಳಿದರೆ ಉತ್ತರ ಹೇಳದವರು ಯಾರೂ ಇಲ್ಲ. ಹಾಗೆಯೇ ದಾದಿಯನ್ನು ಕೇಳಿಕೊಳ್ಳಿರಿ: ಇಂದು ಹಾಕಿದ್ದು ಯಾವುದು, ಜ್ವರ ಬಂದರೆ ಯಾವ ಔಷಧಿ ಎಷ್ಟು, ಮುಂದಿನದು ಯಾವಾಗ.

ತಂದೆಯು ಒಂಟಿಯಾಗಿರುವಾಗ ಕೂಸಿಗೆ ಕಾಯಿಲೆಯಾದರೆ ಗಾಬರಿ ಹೆಚ್ಚು. ಭೇದಿಯಾದರೆ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು, ಹಾಲೂ ಆಹಾರವೂ ನಿಲ್ಲಬಾರದು. ಆಶಾ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ಹದಿನಾಲ್ಕು ದಿನ ಕೊಡಬೇಕು. ಕೆಮ್ಮಿದ್ದು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸು ನಿಮಿಷಕ್ಕೆ 50 ಅಥವಾ ಅದಕ್ಕೂ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಪಕ್ಕೆ ಒಳಸೆಳೆಯುತ್ತಿದ್ದರೆ, ಕೂಸು ಹಾಲು ಕುಡಿಯದಿದ್ದರೆ, ಫಿಟ್ಸ್ ಬಂದರೆ ಹೆಂಡತಿಯ ಬರವಿಗೆ ಕಾಯದೆ 108ಕ್ಕೆ ಕರೆ ಮಾಡಿರಿ. ಮೋಟಾರು ಸೈಕಲ್ಲಿನಲ್ಲಿ ಒಬ್ಬನೇ ಕೂಸನ್ನು ಹಿಡಿದು ಹೋಗುವುದು ಅಸಾಧ್ಯ. ಆದ್ದರಿಂದ ಹಗಲಿನಲ್ಲಿ ಊರಿನಲ್ಲಿಯೇ ಇರುವ ಯಾರಾದರೂ ಒಬ್ಬರೊಡನೆ "ಅವಸರ ಬಿದ್ದರೆ ಬರಬೇಕು" ಎಂದು ಮೊದಲೇ ಮಾತಾಡಿಕೊಂಡಿರಿ.

ಗಂಡಸರ ನಡುವೆ

ಹೆಂಗಸರ ಬಳಗದಿಂದ ಸಲಹೆ ದೊರೆಯುತ್ತದೆ, ಆದರೆ ಗೆಳೆತನ ದೊರೆಯುವುದು ಕಡಿಮೆ. ಅದಕ್ಕೆ ಗಂಡಸರೇ ಬೇಕು. ಡೇರಿಗೆ ಹೋಗುವುದನ್ನು ಬಿಡಬೇಡಿರಿ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಊರಿನ ಗಂಡಸರು ತಪ್ಪದೆ ಸೇರುವ ಜಾಗ ಅದೊಂದೇ. ಕೂಸನ್ನೆತ್ತಿಕೊಂಡೇ ಹೋಗಿರಿ. ಹಾಸ್ಯ ಮಾಡಿದವರಿಗೆ ಕೋಪದ ಉತ್ತರ ಬೇಡ. "ಹೌದಣ್ಣ, ಇವಳೇ ಈಗ ನಮ್ಮ ಯಜಮಾನಿ" ಎಂದು ನಕ್ಕರೆ ಹಾಸ್ಯಕ್ಕೆ ಮುಂದೆ ಹೋಗಲು ದಾರಿಯಿರುವುದಿಲ್ಲ. ಒಂದು ವಾರದ ನಂತರ ಅದೇ ಮನುಷ್ಯ ಕೂಸಿನ ಗಲ್ಲ ಹಿಂಡುತ್ತಾನೆ.

ಅರಳಿಕಟ್ಟೆಯ ತಾತಂದಿರು ಇಂತಹ ತಂದೆಗೆ ಅತ್ಯುತ್ತಮ ಸಂಗಾತಿಗಳು. ಅವರಿಗೆ ಬಿಡುವಿದೆ, ಕೂಸುಗಳ ಮೇಲೆ ಅಕ್ಕರೆಯಿದೆ, ಅವರ ತೊಡೆಯ ಮೇಲೂ ಒಂದು ಮೊಮ್ಮಗು ಇರುತ್ತದೆ. ಕಟ್ಟೆಯ ಕೆಳಗೆ ಬಾವಿ, ಮೋರಿ, ವಾಹನ ಓಡಾಡುವ ದಾರಿಗಳಿದ್ದರೆ ತೆವಳುವ ಕೂಸಿನ ಮೇಲೆ ಕಣ್ಣಿರಲಿ. ತಾತನ ಕಣ್ಣನ್ನು ನಂಬಿ ನೀವು ಎಲೆಯಡಕೆಯ ಮಾತಿನಲ್ಲಿ ಮುಳುಗಬಾರದು.

ಆಮೇಲೆ, ಬಾಗಿಲು ಮುಂದೆಮಾಡಿಕೊಂಡಿರುವ ಆ ಇನ್ನೊಬ್ಬ ತಂದೆಯನ್ನು ಹುಡುಕಿರಿ. ಅವನು ರಾತ್ರಿ ಪಾಳಿಯವನಿರಬಹುದು, ಪಟ್ಟಣದ ಕೆಲಸ ಹೋಗಿ ಊರಿಗೆ ಮರಳಿದವನಿರಬಹುದು, ಹೆಂಡತಿಯನ್ನು ಕಳೆದುಕೊಂಡವನಿರಬಹುದು. ಯಾವ ಮನೆಯಲ್ಲಿ ಹಗಲು ಗಂಡಸು ಕೂಸನ್ನು ನೋಡಿಕೊಳ್ಳುತ್ತಾನೆಂಬುದು ಆಶಾ ಕಾರ್ಯಕರ್ತೆಗೆ ಖಂಡಿತವಾಗಿ ಗೊತ್ತಿರುತ್ತದೆ. ಇಂತಹ ಇಬ್ಬರು ಸೇರಿದರೆ ಸಾಕು, ದೊಡ್ಡ ಸಂಘ ಬೇಕಾಗಿಲ್ಲ. ಇವನು ಔಷಧಿ ಹೊಡೆಯಲು ಹೊಲಕ್ಕೆ ಹೋದಾಗ ಅವನು ಎರಡು ಗಂಟೆ ಎರಡೂ ಕೂಸುಗಳನ್ನು ನೋಡಿಕೊಳ್ಳುತ್ತಾನೆ. ನಾಳೆ ಇವನ ಸರದಿ. ಔಷಧಿ ಹೊಡೆದು ಬಂದವನು ಮಿಂದು ಬಟ್ಟೆ ಬದಲಿಸದೆ ಕೂಸನ್ನು ಮುಟ್ಟಬಾರದು. ಹೊಲದ ಕೆಲಸದ ದಿನಗಳಲ್ಲಿ ಇಂತಹ ಮುಯ್ಯಾಳು ನಮಗೆ ಹೊಸದಲ್ಲ. ಕೂಸಿನ ಕೆಲಸಕ್ಕೂ ಅದೇ ಪದ್ಧತಿ ಒಗ್ಗುತ್ತದೆ. ಕೂಲಿಗೆ ಹೋಗುವವರ ಸಣ್ಣ ಮಕ್ಕಳಿಗೆಂದು 2023-24ರಿಂದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಆರಂಭವಾದವು. ನಿಮ್ಮ ಪಂಚಾಯಿತಿಯಲ್ಲಿ ಉಂಟೇ ಎಂದು ವಿಚಾರಿಸಿರಿ. ಐವತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕೆಂದು ಕಾನೂನಿದೆ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿಬರಬಹುದು. ಪ್ರತಿದಿನ ಕೂಸನ್ನು ವಾಹನದಲ್ಲಿ ಒಯ್ಯುವುದು ಕಷ್ಟವಾದರೂ, ತಂದೆಗೆ ಜ್ವರ ಬಂದು ಮಲಗಿದ ದಿನ ಅದು ನೆರವಾದೀತು.

ಸಂಜೆ ಏಳು ಗಂಟೆ

ಇಂತಹ ಸಂಸಾರಗಳಲ್ಲಿ ಜಗಳವಾಗುವುದಾದರೆ ಬಹುಮಟ್ಟಿಗೆ ಸಂಜೆ ಏಳರಿಂದ ಎಂಟರೊಳಗೆ. ಹನ್ನೆರಡು ಗಂಟೆಗಳ ಕಾಲ ದೊಡ್ಡವರ ಮಾತು ಕೇಳದೆ ಬೇಸತ್ತ ಗಂಡ, ಹೆಂಡತಿ ಬಂದ ಕೂಡಲೆ ಕೂಸನ್ನು ಅವಳ ಕೈಗಿತ್ತು ಹೊರಗೆ ಹೋಗಲು ಕಾದಿರುತ್ತಾನೆ. ಇಡೀ ದಿನ ಯಂತ್ರದ ಮುಂದೆ ಕುಳಿತು ಬೆನ್ನು ನೊಂದ ಹೆಂಡತಿ ಒಂದು ಲೋಟ ಕಾಫಿ ಕುಡಿದು ಕಾಲು ಚಾಚಲು ಕಾದಿರುತ್ತಾಳೆ. ಇಬ್ಬರದೂ ನ್ಯಾಯವೇ. ಮೊದಲ ಅರ್ಧ ಗಂಟೆ ಯಾರದು, ಎರಡನೆಯ ಅರ್ಧ ಗಂಟೆ ಯಾರದು ಎಂದು ಒಮ್ಮೆ ಕುಳಿತು ಗೊತ್ತುಮಾಡಿಕೊಂಡರೆ ದಿನವೂ ಮುನಿಸಿಕೊಳ್ಳುವುದು ತಪ್ಪುತ್ತದೆ. ಕೂಸು ಹಾಲಿಗಾಗಿ ತಾಯಿಯನ್ನೇ ಬಯಸುವುದರಿಂದ ಮೊದಲ ಅರ್ಧ ಗಂಟೆ ಆಕೆ ಹಾಲೂಡುತ್ತ ಮಲಗಿರಲಿ, ಆ ವೇಳೆಗೆ ಗಂಡ ಒಲೆಯ ಮುಂದಿರಲಿ. ಬಳಿಕ ಗಂಡ ಹೊರಗೆ ಹೋಗಿಬರಲಿ ಎಂಬುದು ನಮ್ಮ ಸಲಹೆ. ನಿಮ್ಮ ಮನೆಗೆ ಒಪ್ಪುವ ಬೇರೆ ಕ್ರಮವಿದ್ದರೆ ಅದೂ ಸರಿ.

ಹಣದ ಮಾತು ಇದಕ್ಕಿಂತ ಸೂಕ್ಷ್ಮ. ಬೀಡಿಗೋ ಚಹಾಕ್ಕೋ ಹೆಂಡತಿಯ ಮುಂದೆ ಕೈಯೊಡ್ಡುವುದು ಗಂಡಸಿಗೆ ಎಷ್ಟು ಚುಚ್ಚುತ್ತದೆ ಎಂಬುದನ್ನು, ಆ ಕೆಲಸವನ್ನು ತಲೆತಲಾಂತರದಿಂದ ಮಾಡಿಬಂದ ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಬೀಡಿಯನ್ನಂತೂ ಕೂಸಿರುವ ಮನೆಯಲ್ಲಿ ಬಿಡುವುದೇ ಮೇಲು. ಚಹಾದ ಕಾಸು ಬೇರೆ ಮಾತು. ಸಂಬಳ ಬಂದ ದಿನ ಇಬ್ಬರೂ ಕುಳಿತು, ಮನೆ ಖರ್ಚನ್ನು ಒಂದು ಡಬ್ಬಿಯಲ್ಲಿಟ್ಟು, ಇಬ್ಬರಿಗೂ ಕೈಖರ್ಚನ್ನು ಸಮನಾಗಿ ತೆಗೆದಿಡಿರಿ. ಆ ಹಣಕ್ಕೆ ಇಬ್ಬರೂ ಒಬ್ಬರಿಗೊಬ್ಬರು ಲೆಕ್ಕ ಕೊಡಬೇಕಾಗಿಲ್ಲ.

ಹೆಂಡತಿಗೆ ಇನ್ನೊಂದು ಸೂಚನೆ. ಬಟ್ಟೆ ಸರಿಯಾಗಿ ಮಡಿಸಿಲ್ಲ, ಕೂಸಿನ ತಲೆ ಬಾಚಿಲ್ಲ ಎಂದು ಬಂದ ಕೂಡಲೆ ಎತ್ತಿ ಆಡಬೇಡಿರಿ. ಕೂಸು ಉಂಡಿದೆ, ಶುಚಿಯಾಗಿದೆ, ನಗುತ್ತಿದೆ ಎಂದಾದರೆ ಹಗಲು ಚೆನ್ನಾಗಿಯೇ ನಡೆದಿದೆ.

ಮನಸ್ಸು ಕುಗ್ಗಿದಾಗ

ಬಾಣಂತಿಯರಿಗೆ ಮನಸ್ಸಿನ ಖಿನ್ನತೆ ಬರಬಹುದೆಂಬುದು ಈಗ ಹಲವರಿಗೆ ತಿಳಿದಿದೆ. ತಂದೆಯರಿಗೂ ಬರುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ ಸುಮಾರು ಹತ್ತು ತಂದೆಯರಲ್ಲಿ ಒಬ್ಬನಿಗೆ, ಹೆಂಡತಿಯ ಬಸುರಿನ ಕಾಲದಿಂದ ಕೂಸಿನ ಮೊದಲ ವರ್ಷದವರೆಗಿನ ಅವಧಿಯಲ್ಲಿ, ಖಿನ್ನತೆ ಇರುವುದು ತಿಳಿದುಬಂದಿತು. ಗಂಡಸರಲ್ಲಿ ಇದು ಅಳುವಿನ ರೂಪದಲ್ಲಿಯೇ ಬರಬೇಕೆಂದಿಲ್ಲ. ಮುಂಗೋಪ, ಮೌನ, ನಿದ್ದೆಗೇಡು, ಕುಡಿತ ಹೆಚ್ಚಾಗುವುದು, ಯಾರ ಮುಖವೂ ಬೇಡವೆನಿಸುವುದು ಇವೇ ಲಕ್ಷಣಗಳಾಗಿರಬಹುದು. ಎರಡು ವಾರ ಕಳೆದರೂ ಹೀಗೆಯೇ ಇದ್ದರೆ ಸೋಮಾರಿತನವೆಂದೋ ದುರಭ್ಯಾಸವೆಂದೋ ಬಯ್ಯದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಕರೆದರೂ ಕನ್ನಡದಲ್ಲಿಯೇ ಮಾತನಾಡಬಹುದು.

ಕೂಸು ಗಂಟೆಗಟ್ಟಲೆ ಅಳುತ್ತಿದ್ದು, ನಿಮಗೆ ತಡೆಯಲಾರದಷ್ಟು ಸಿಟ್ಟು ಬಂದರೆ ಒಂದೇ ಒಂದು ನಿಯಮವನ್ನು ನೆನಪಿಡಿರಿ: ಕೂಸನ್ನು ಹಿಡಿದು ಅಲುಗಿಸಬಾರದು. ಎಳೆಯ ಕೂಸಿನ ಕುತ್ತಿಗೆ ದುರ್ಬಲ. ಜೋರಾಗಿ ಅಲುಗಿಸಿದರೆ ಮಿದುಳಿನೊಳಗೆ ರಕ್ತಸ್ರಾವವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅದನ್ನು ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿ, ಬಾಗಿಲಾಚೆ ನಿಂತು ಮುಖಕ್ಕೆ ತಣ್ಣೀರೆರಚಿಕೊಂಡು, ಐದು ನಿಮಿಷ ಕಳೆದು ಒಳಗೆ ಬನ್ನಿರಿ. ಐದು ನಿಮಿಷ ಅತ್ತುದರಿಂದ ಕೂಸಿಗೆ ಕೇಡಿಲ್ಲ. ನೆರೆಯವರನ್ನು ಕೂಗಿ ಕರೆಯಲು ನಾಚಬೇಡಿರಿ.

ಮುಂದಿನ ಕೂಸು, ಮುಂದಿನ ವರ್ಷ

ತೆವಳುವ ಕೂಸೊಂದನ್ನು ಒಬ್ಬ ತಂದೆ ನೋಡಿಕೊಳ್ಳಬಲ್ಲ. ಅದು ನಡೆಯುವ ಮುನ್ನವೇ ಎರಡನೆಯದು ಬಂದರೆ ಈ ಏರ್ಪಾಡೆಲ್ಲ ಕುಸಿಯುತ್ತದೆ, ತಾಯಿಯ ಆರೋಗ್ಯವೂ ಕುಸಿಯುತ್ತದೆ. ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿರಲಿ. ನಿರೋಧ್, ವಂಕಿ, ಅಂತರ ಚುಚ್ಚುಮದ್ದು ಮುಂತಾದ ತಾತ್ಕಾಲಿಕ ಕ್ರಮಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಮಕ್ಕಳು ಸಾಕೆಂದು ತೀರ್ಮಾನಿಸಿದ ದಂಪತಿಗಳಲ್ಲಿ ಗಂಡನೇ ಶಸ್ತ್ರಚಿಕಿತ್ಸೆಗೆ ಮುಂದಾಗಬಹುದು. ಗಂಡಸರ ಹೊಲಿಗೆಯಿಲ್ಲದ ಶಸ್ತ್ರಚಿಕಿತ್ಸೆ ಹೆಂಗಸರದಕ್ಕಿಂತ ಬಹಳ ಸರಳ; ಅದಾದ ಮೇಲೆ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯಪರೀಕ್ಷೆ ಮಾಡಿಸಿಕೊಂಡರೆ ಆಯಿತು. ದುಡಿಯುವ ಶಕ್ತಿಯಾಗಲಿ ದಾಂಪತ್ಯ ಸುಖವಾಗಲಿ ಕುಂದುವುದಿಲ್ಲ.

ಕೂಸಿಗೆ ಮೂರು ವರ್ಷ ತುಂಬಿದ ಮೇಲೆ ಅಂಗನವಾಡಿಗೆ ಸೇರಿಸಬಹುದು. ಹಗಲಿನ ಹಲವು ಗಂಟೆ ತಂದೆಗೆ ಬಿಡುವಾಗುತ್ತದೆ. ಹಸುಗಳನ್ನು ಎರಡರಿಂದ ಮೂರಕ್ಕೆ ಏರಿಸುವುದೋ, ಬಿಟ್ಟಿದ್ದ ಗಾರೆ ಕೆಲಸಕ್ಕೆ ಹತ್ತಿರದಲ್ಲ್ಯೇ ಮರಳುವುದೋ ಎಂಬುದನ್ನು ಅದಕ್ಕೆ ಆರು ತಿಂಗಳು ಮುಂಚಿನಿಂದಲೇ ಇಬ್ಬರೂ ಆಲೋಚಿಸಿರಬೇಕು. ಸೇರಿಸುವ ದಿನ ಕೂಸನ್ನು ತಂದೆಯೇ ಕರೆದೊಯ್ಯಲಿ, ಏಕೆಂದರೆ ಅದು ಬಿಟ್ಟು ಕೂರಲು ಹೆಚ್ಚು ಅಳುವುದು ಅವನನ್ನೇ. ಹಗಲಿನಲ್ಲಿ ಮಗುವಿಗೆ ಹುಷಾರು ತಪ್ಪಿದರೆ ಯಾರನ್ನು ಕರೆಯಬೇಕು ಎಂದು ಕಾರ್ಯಕರ್ತೆ ಕೇಳಿದಾಗ ತಂದೆಯ ಹೆಸರನ್ನೂ ತಂದೆಯ ದೂರವಾಣಿ ಸಂಖ್ಯೆಯನ್ನೂ ಬರೆಸಿರಿ.